ಬಿಚ್ಚದೆ ಬಿಟ್ಟ ಸಾಲು

ಕಸಿ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ ಎಂದು ನರ್ಸರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಕಾಡುಗುಲಾಬಿಯ ಕಾಂಡದ ತೊಗಟೆ ಸೀಳಿ, ಒಳ್ಳೆಯ ಜಾತಿಯ ಗುಲಾಬಿಯಿಂದ ತೆಗೆದ ಚಿಗುರೊಡೆಯುವ ಕಣ್ಣೊಂದನ್ನು ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಬೇಕು. ಆಮೇಲೆ ಕೆಲವು ವಾರ ಅದನ್ನು ಮುಟ್ಟಬಾರದು. ಗಾಳಿ ತಾಗಿದರೆ ಕಣ್ಣು ಒಣಗಿ ಕಪ್ಪಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಹೇಳಿಕೊಡುತ್ತಿದ್ದವಳೂ ಅವಳೇ.

ಆದರೂ ಅವಳು ಬಿಚ್ಚಿ ನೋಡುತ್ತಿದ್ದಳು.

ಮಧ್ಯಾಹ್ನ ಉಳಿದವರು ಊಟಕ್ಕೆಂದು ಶೆಡ್ಡಿಗೆ ಹೋದಾಗ ಪಟ್ಟಿಯ ತುದಿ ಸಡಿಲಿಸಿ, ಕಣ್ಣು ಹಸಿರಾಗಿಯೇ ಇದೆಯೆಂದು ಕಂಡು ಮತ್ತೆ ಸುತ್ತುವಳು. ನಾಲ್ಕು ಗಿಡ ದಾಟುವಷ್ಟರಲ್ಲಿ, ಮೊದಲನೆಯದನ್ನು ಸರಿಯಾಗಿ ಸುತ್ತಿದೆನೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುವುದು. ಹಿಂದಕ್ಕೆ ಹೋಗುವಳು. ಹೀಗೆ ನೋಡಿ ನೋಡಿಯೇ ಸಾಯಿಸಿದ ಕಣ್ಣುಗಳ ಬದಲಿಗೆ, ಬುತ್ತಿಯನ್ನೂ ಬಿಚ್ಚದೆ, ಹೊಸ ಕಣ್ಣು ಕಟ್ಟುವಳು. ನರ್ಸರಿಯ ಯಜಮಾನರಿಗೆ ಕಾಣುತ್ತಿದ್ದದ್ದು ಚಿಗುರಿ ನಿಂತ ಸಾಲು ಮಾತ್ರ.

ಮನೆಯಲ್ಲೂ ನರ್ಸರಿಯಲ್ಲೂ ಬೆನ್ನುನೋವಿನ ನೆಪ ಹೇಳಿ ಅವಳು ಪೇಟೆಯ ಆಸ್ಪತ್ರೆಗೆ ಹೋಗತೊಡಗಿದ್ದಳು. ಅಲ್ಲಿ ಮಹಡಿಯ ಕೋಣೆಯಲ್ಲಿ ಕೂರುವ, ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಮಾತ್ರೆಗಿಂತ ಮಾತನ್ನೇ ಹೆಚ್ಚು ನಂಬಿದವರು. ಮೊದಲ ಭೇಟಿಗಳಲ್ಲಿ, "ನಿದ್ದೆ ಸ್ವಲ್ಪ ಕಮ್ಮಿ, ಅಷ್ಟೇ" ಎಂದು ಹೇಳಿ, ಸೊಟ್ಟಗಿದ್ದ ಮೇಜುಬಟ್ಟೆಯನ್ನು ನೆಟ್ಟಗೆ ಮಾಡಿ ಎದ್ದು ಬಂದಿದ್ದಳು. ಈ ಸಲವೂ ಕೂತ ಕೂಡಲೇ ಕೇಳಿದಳು:

"ಊಟ ಆಯ್ತಾ ಮೇಡಂ? ಬೆಳಗ್ಗೆಯಿಂದ ಒಂದೇ ಸಮ ಕೂತಿರ್ತೀರಿ."

"ನನ್ನ ಊಟ ನೀವು ಬಂದಾಗೆಲ್ಲ ವಿಚಾರಿಸ್ತೀರಿ. ನಿಮ್ಮದು?"

"ನಂದೇನು, ಆಗುತ್ತೆ."

"ಯಾವಾಗ?"

ಊಟದ ಹೊತ್ತಿನಲ್ಲಿ ತಾನು ಮಾಡುವುದನ್ನು ಹೇಳದೆ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಸೆರಗಿನ ಅಂಚು ಮಡಚುತ್ತಾ, ಬಿಡಿಸುತ್ತಾ, ಎಲ್ಲವನ್ನೂ ಹೇಳಿದಳು.

ಡಾಕ್ಟರಮ್ಮ ಅವಸರ ಮಾಡಲಿಲ್ಲ. "ಒಂದು ಸಾಲು ಮುಟ್ಟದೆ ಬಿಡಿ" ಎಂದರು ಕೊನೆಗೆ. "ಹೆದರಿಕೆ ಬರುತ್ತೆ. ಬರಲಿ. ಓಡಬೇಡಿ, ಕೈಗೆ ಕೆಲಸ ಕೊಡಬೇಡಿ. ಅದು ಏರಿ ಇಳಿಯೋವರೆಗೆ ಕೂತಿರಿ. ಮತ್ತೆ, ನಿಮ್ಮವರಲ್ಲಿ ಒಬ್ಬರಿಗಾದರೂ ಹೇಳಿ."

"ಯಾರಿಗೆ ಹೇಳಲಿ?"

ಅದನ್ನು ಡಾಕ್ಟರಮ್ಮ ಅವಳಿಗೇ ಬಿಟ್ಟರು. ಬಸ್ಸಿನ ಕಿಟಕಿಗೆ ಹಣೆ ಆನಿಸಿಕೊಂಡು ದಾರಿಯುದ್ದಕ್ಕೂ ಯೋಚಿಸಿದಳು. ಗಂಡನಿಗೆ? "ನೀನಿದ್ದೀಯಲ್ಲ, ನನಗೇನು ಚಿಂತೆ" ಎನ್ನುವ ಮನುಷ್ಯ. ತಂಗಿಗೆ? ಅವಳು ಫೋನ್ ಮಾಡುವುದೇ ತನ್ನ ಗೋಳು ಇಳಿಸುವುದಕ್ಕೆ. ತನ್ನ ಮೇಲೆ ಒರಗಿಕೊಳ್ಳುವವರು ಬೇಕಾದಷ್ಟು ಜನ ಇದ್ದರು. ತಾನು ಒರಗಬಹುದಾದ ಜಾಗ ಒಂದೂ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ, ಬೆಳಗ್ಗೆ ತಾನೇ ಕಟ್ಟಿದ ಸಾಲಿನ ಎದುರು ಬಕೆಟ್ ಬೋರಲು ಹಾಕಿ ಕೂತಳು. ಕುಂಡಗಳಿಗೆ ಮಣ್ಣು ತುಂಬುವವಳು ಕೈ ತೊಳೆಯಲು ಹೊರಟಿದ್ದಳು, ನಿಂತಳು.

"ಏನಕ್ಕಾ, ಕೈ ಕಟ್ಕೊಂಡು ಕೂತುಬಿಟ್ಟೆ? ಯಜಮಾನರು ನಿನ್ನ ಕೈಗೂ ಪಟ್ಟಿ ಸುತ್ತಿದ್ರಾ?"

"ಹೆದರಿಕೆ ಆಗ್ತಿದೆ ಕಣೆ."

"ಯಾಕೆ, ಹಾವು ಬಂತಾ?"

"ಹಾವಲ್ಲ. ದಿನಾ ಆಗುತ್ತೆ. ಒಳಗೇ."

ಮಣ್ಣಿನವಳು ನಕ್ಕಳು. "ನಿನಗಾ? ಬಿಡಕ್ಕಾ. ನೀನೇ ಹೆದರಿದ್ರೆ ನಾವೆಲ್ಲ ಗಂಟುಮೂಟೆ ಕಟ್ಟಬೇಕು."

ಬೇರೆ ದಿನವಾಗಿದ್ದರೆ ಇವಳೂ ನಕ್ಕು ಮಾತನ್ನು ಅಲ್ಲಿಗೇ ಮುಚ್ಚಿಹಾಕುತ್ತಿದ್ದಳು. ಇವತ್ತು ನಗಲಿಲ್ಲ. ಮಣ್ಣಿನವಳ ನಗು ಅರ್ಧಕ್ಕೇ ನಿಂತಿತು. ಬೆರಳಿನ ಮಣ್ಣು ತಿಕ್ಕಿಕೊಂಡಳು.

"ಬೆನ್ನುನೋವಿಗೆ ಹಾಗೆಲ್ಲ ಅನ್ನಿಸುತ್ತೇನೋ. ಊಟಕ್ಕೆ ಬಾ" ಎಂದಳು. ಹೋಗುತ್ತಾ ಒಮ್ಮೆ ತಿರುಗಿ ನೋಡಿದಳು.

ಮೂರನೆಯ ಗಿಡದ ಪಟ್ಟಿ ಸಡಿಲಾದಂತೆ ಕಂಡಿತು. ನಿಜವಾಗಿ ಸಡಿಲಾಗಿತ್ತೋ, ಹಾಗೆ ಕಂಡಿತೋ. ಅಂಗೈಗಳು ಬೆವೆತವು. ಎರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡಳು. ಎದೆಯ ಬಡಿತ ಕಿವಿಗೆ ಬಂತು. ಶೆಡ್ಡಿನಲ್ಲಿ ಯಾರೋ ನಕ್ಕರು. ತನ್ನ ವಿಷಯಕ್ಕೇ ಇರಬಹುದು, ಇರಲಿಕ್ಕಿಲ್ಲ. ಎದ್ದು ಹೋಗಲಿಲ್ಲ. ನೆರಳುಬಲೆಯ ತೂತುಗಳಿಂದ ಬಿದ್ದ ಬಿಸಿಲು ಗಿಡದಿಂದ ಗಿಡಕ್ಕೆ ನಿಧಾನವಾಗಿ ಸರಿಯಿತು.

ಬಡಿತ ಪೂರ್ತಿ ಇಳಿಯಲಿಲ್ಲ. ಆದರೆ ಹಸಿವು ಅದರ ಪಕ್ಕದಲ್ಲೇ ಬಂದು ನಿಂತಿತು. ಕೈಗಳನ್ನು ಹೊರಗೆ ತೆಗೆದು, ಆ ಸಾಲಿನ ಎದುರೇ, ಒಬ್ಬಳೇ, ಬುತ್ತಿ ಬಿಚ್ಚಿದಳು.