ಐದನೆಯ ಗೂಡಿನ ತತ್ತಿಗಳು

ನಾನು ನಿಲಂಗಾದ ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಹೋದ ಬೇಸಿಗೆ ರಜೆಯಲ್ಲಿ ಕಡಲಾಮೆಗಳ ಮೊಟ್ಟೆ ಕಾಯುವ ಸ್ವಯಂಸೇವೆಗೆಂದು ಮೂರು ವಾರ ಶ್ರೀಲಂಕಾಕ್ಕೆ ಹೋಗಿದ್ದೆ. ಅದುವರೆಗೆ ಸಮುದ್ರವನ್ನೇ ಕಂಡವಳಲ್ಲ, ಆದರೂ ಜಂಬಕ್ಕೇನೂ ಕಡಿಮೆ ಇರಲಿಲ್ಲ. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳಿಗೆ ಮರಿ ಉಳಿಸುವುದನ್ನು ಇನ್ನೊಬ್ಬರು ಹೇಳಿಕೊಡಬೇಕೆ?

ಆಮೆ ದಡದಲ್ಲಿ ಇಟ್ಟುಹೋದ ಮೊಟ್ಟೆಗಳನ್ನು ನಾಯಿ ಕಿತ್ತು ತಿನ್ನದಂತೆ ಬೇಲಿಯೊಳಗೆ ತಂದು ಮರಳಲ್ಲಿ ಹೂಳುತ್ತಿದ್ದರು. ಹೂತ ಮೇಲೆ ಮುಟ್ಟಬಾರದು ಎಂದು ಅಲ್ಲಿನ ಮುಖ್ಯಸ್ಥೆ ಕುಸುಮಾ ಮೊದಲ ದಿನವೇ ಹೇಳಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಐದನೆಯ ಗೂಡು ನನ್ನ ಕೈಯಾರೆ ಹೂತದ್ದು, ನೂರಾ ಹನ್ನೊಂದು ಮೊಟ್ಟೆ. ಅದರ ಮೇಲೆ ನನಗೊಂದಿಷ್ಟು ಹೆಚ್ಚಿನ ಮಮತೆ.

ಜಳಕೋಟದ ಹತ್ತಿರದ ನಮ್ಮ ಹಟ್ಟಿಯಿಂದ ಅವ್ವ ತುಳಜಾಬಾಯಿ ಫೋನ್ ಮಾಡಿದಳು.

“ರೂಪಾಲಿ, ತತ್ತಿ ಹೊರಳಸ್ಲತ್ತೀ ಇಲ್ಲ?”

“ಮುಟ್ಟಬ್ಯಾಡ ಅಂದಾರವ್ವ.”

“ಹುಚ್ಚಿ ಇದ್ದೀ ಏನ? ಹೊರಳಸಲಿಲ್ಲಂದ್ರ ಒಳಗಿನ ಮರಿ ಚಿಪ್ಪಿಗಿ ಅಂಟ್ಕೋತದ. ಕಾವಿಗಿ ಕುಂತ ಕೋಳಿ ದಿನಾ ಹೊರಳಸ್ತದ. ಅಲ್ಲಿ ಅವುಕ್ಕ ತಾಯಿ ಎಲ್ಲದ?”

ತಾಯಿ ಆಮೆ ಮೊಟ್ಟೆಯಿಟ್ಟ ರಾತ್ರಿಯೇ ಸಮುದ್ರಕ್ಕೆ ಹೋಗಿತ್ತು. ಅವ್ವನ ಮಾತು ಕರುಳಿಗೆ ನಾಟಿತು. ಒಂದು ವಾರ ದಿನಾ ಬೆಳಿಗ್ಗೆ, ಕುಸುಮಾ ಚಹಾಕ್ಕೆ ಹೋದಾಗ, ಮರಳು ಸರಿಸಿ ಮೊಟ್ಟೆಗಳನ್ನು ಒಂದೊಂದಾಗಿ ಹೊರಳಿಸಿಟ್ಟೆ. ಅವ್ವನಿಗೂ ಫೋನಿನಲ್ಲಿ ಹೇಳಿದೆ.

ಊರಿಗೆ ಬಂದು ತಿಂಗಳು ಕಳೆದ ಮೇಲೆ ಕುಸುಮಾಳ ಫೋನ್ ಬಂತು. ಉಳಿದ ಗೂಡುಗಳಿಂದೆಲ್ಲ ಮರಿಗಳು ಹೊರಬಂದಿದ್ದವು, ಐದನೆಯದರಿಂದ ಒಂದೂ ಇಲ್ಲ. ನಾನು ಮಾಡಿದ್ದನ್ನು ಹೇಳಿದೆ. ಆಮೆಯ ಮರಿ ಚಿಪ್ಪಿಗೆ ಅಂಟಿಕೊಂಡೇ ಬೆಳೆಯುತ್ತದೆ, ಹೊರಳಿಸಿದರೆ ಸಾಯುತ್ತದೆ ಎಂದಳು. ಬೈದಿದ್ದರಾದರೂ ಚೆನ್ನಾಗಿತ್ತು.

ಭಾನುವಾರ ಹಟ್ಟಿಗೆ ಹೋದೆ. “ಮರಿ ಆದವೇನ?” ಎಂದು ಅವ್ವ ಬಾಗಿಲಲ್ಲೇ ಕೇಳಿದಳು.

“ಹ್ಞೂಂ. ಎಲ್ಲಾ ಸಮುದ್ರಕ್ಕ ಹೋದವ.”

ಅವ್ವ ಕೂಡಲೇ ಬೀರಪ್ಪನ ಗುಡಿಗೆ ಹೋಗಿ ಭಂಡಾರದ ಅರಿಶಿನ ಏರಿಸಿ ಬಂದು ನನ್ನ ಹಣೆಗೂ ಹಚ್ಚಿದಳು. “ಹೊರಳಸಿದ್ದಕ್ಕ ಉಳದವ ನೋಡು. ಯೋಗಿತಾಗೂ ಹೊರಳಸು ಅಂತ ಹೇಳೀನಿ.”

ಯೋಗಿತಾ ನನ್ನ ಅಣ್ಣನ ಮಗಳು. ನನ್ನನ್ನು ನೋಡಿಯೇ ಹುರುಪುಗೊಂಡು, ಹಿಂದಿನ ವಾರ ಅದೇ ದೇಶದ ಇನ್ನೊಂದು ದಡಕ್ಕೆ ಇದೇ ಕೆಲಸಕ್ಕೆ ಹೋಗಿದ್ದಳು. ನಾಚಿಕೆಯಿಂದ ನಾನವಳಿಗೆ ಏನೂ ಹೇಳಿರಲಿಲ್ಲ.

“ಅವ್ವಾ, ಸುಳ್ಳ ಹೇಳ್ದೆ. ಒಂದೂ ಉಳೀಲಿಲ್ಲ. ಹೊರಳಸಿದ್ದಕ್ಕೇ ಸತ್ತವ.”

ಹಟ್ಟಿಯಲ್ಲಿ ಯಾರ ಕುರಿ ಈಯಲು ಕಷ್ಟಪಟ್ಟರೂ ಅವ್ವನನ್ನೇ ಕರೆಯುತ್ತಿದ್ದರು. ಅವಳ ಕೈಯಲ್ಲಿ ಬದುಕಿದ ಮರಿಗಳಿಗೆ ಲೆಕ್ಕವಿಲ್ಲ. ಆ ಕೈಗಳನ್ನು ಅವಳು ಸೆರಗಿನೊಳಗೆ ಎಳೆದುಕೊಂಡಳು.

“ಫೋನ್ ಹಚ್ಚಿ ಕೊಡು,” ಎಂದಳು.

ಯೋಗಿತಾ ಆ ಕಡೆಯಿಂದ ನಗುತ್ತಲೇ ಅಜ್ಜಿಯೊಡನೆ ಮಾತಾಡಿದಳು. “ಆಯೀ, ನೀ ಹೇಳಿದಂಗೇ ಮಾಡ್ಲತ್ತೀನಿ. ಇವತ್ತಿಗಿ ನಾಕ ದಿನ ಆತು.”

ಅವ್ವ ಫೋನನ್ನು ನನ್ನತ್ತ ಚಾಚಿದಳು. ಐದನೆಯ ಗೂಡಿಗೆ ಆದದ್ದನ್ನು ನಾನೇ ಹೇಳಿದೆ.