ಎಲೆ ಎತ್ತುವ ತನಕ

ದೇವು ಸತ್ತ ಎಂದು ಶುರುಮಾಡುವುದೇ, ಅಥವಾ ಮೊದಲು ನಮಸ್ಕಾರ, ಸ್ವಾಗತ, ಅದೂ ಇದೂ ಹೇಳಿ ಸಾವನ್ನು ಕೊನೆಗೆ ತರುವುದೇ? ಕೊನೆಗೆ ತಂದರೆ ಅಷ್ಟರಲ್ಲಿ ಕೊಟ್ಟ ಸಮಯ ಮುಗಿದಿರುತ್ತದೆ. ಮೊದಲೇ ತಂದರೆ ಮನೆಗೆ ಬಂದವರ ಮುಖಕ್ಕೆ ಸೂತಕ ಎರಚಿದಂತೆ. ‘ನಿಧನ ಹೊಂದಿರುತ್ತಾರೆ’ ಎನ್ನಬಹುದು, ಕಡತದಲ್ಲಿ ಹಾಗೆಯೇ ಇದೆ. ಆದರೆ ಅಷ್ಟು ವರ್ಷ ಒಂದೇ ಜೀಪಿನಲ್ಲಿ ಪಕ್ಕದಲ್ಲಿ ಕೂತು ಊರೂರು ತಿರುಗಿಸಿದವನನ್ನು ನಿಧನ ಹೊಂದಿಸಲು ಭೋಜರಾಜ ಹೆಗ್ಡೆಗೆ ಬಾಯಿ ಬರುತ್ತಿರಲಿಲ್ಲ. ಕೋಟೇಶ್ವರದಿಂದ ಕುಂದಾಪುರಕ್ಕೆ ಬರುವ ದಾರಿಯುದ್ದಕ್ಕೂ, ಸ್ಕೂಟರಿನಲ್ಲಿ ಕಾಲಡಿ ಬಾಳೆಲೆಯ ಕಟ್ಟು ಇಟ್ಟುಕೊಂಡು, ಅವನು ಈ ಮೊದಲ ವಾಕ್ಯವನ್ನೇ ತಿರುವಿ ಹಾಕುತ್ತಿದ್ದ. ಎರಡನೆಯ ವಾಕ್ಯ ಸಿದ್ಧವಿತ್ತು. ಮೊದಲನೆಯದಿಲ್ಲದೆ ಅದನ್ನು ಹೇಳುವಂತಿರಲಿಲ್ಲ.

ಅಂದು ವಿಧಾನಮಂಡಲದ ಸಮಿತಿ ಬರುವುದಿತ್ತು. ಸರ್ಕಾರಿ ನೌಕರರ ಪಿಂಚಣಿ, ಆರೋಗ್ಯ ಸೌಲಭ್ಯ, ಉದ್ಯೋಗ ಇವನ್ನೆಲ್ಲ ಪರಿಶೀಲಿಸುವ ಸಮಿತಿ. ಜಿಲ್ಲೆಗೆ ಬಂದರೆ ಬಂತು, ಮತ್ತೆ ಬರುವ ಹೊತ್ತಿಗೆ ಸರ್ಕಾರವೇ ಬದಲಾಗಿರುತ್ತದೆ. ಆದರೆ ಅದು ಬಾಯಿಬಿಟ್ಟು ಒಂದು ಮಾತು ಕೇಳಿದರೆ ವರ್ಷಗಟ್ಟಲೆ ಮಲಗಿದ ಕಡತವೂ ಎದ್ದು ನಡೆಯುತ್ತದೆ ಎಂಬುದು ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ‘ಅಧಿಕಾರಿಗಳ ಮಧ್ಯಸ್ಥಿಕೆ ಇಲ್ಲದೆ ನೌಕರರಿಂದ ನೇರವಾಗಿ ಅಹವಾಲು ಆಲಿಸಲಾಗುವುದು’ ಎಂದು ಸುತ್ತೋಲೆಯಲ್ಲಿತ್ತು. ಯಾವ ನೌಕರ ನೇರವಾಗಿ ಮಾತಾಡಬೇಕೆಂದು ಅಧಿಕಾರಿಗಳೇ ತೀರ್ಮಾನಿಸಿದ್ದರು. ಕಚೇರಿಯ ಪ್ರಥಮ ದರ್ಜೆ ಸಹಾಯಕ ಭೋಜರಾಜನಿಗೆ ನಿಯಮಗಳು ಬಾಯಿಪಾಠ, ಮೇಲಾಗಿ ದನಿ ಏರಿಸುವ ಮನುಷ್ಯನಲ್ಲ.

ಅವನು ಹೇಳಬೇಕಿದ್ದದ್ದು ದೇವುವಿನ ವಿಷಯ. ದೇವು ಕಚೇರಿಯ ಚಾಲಕ. ಬಹಳ ಕಾಲ ದಿನಗೂಲಿಯಲ್ಲಿ ದುಡಿದು, ಕೊನೆಗೆ ಖಾಯಂ ಆಗಿ, ಎರಡು ವರ್ಷದ ಹಿಂದೆ ಜೀಪು ತೊಳೆಯುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅವನು ಪರೀಕ್ಷಾರ್ಥ ಸೇವೆಯನ್ನು ತೃಪ್ತಿಕರವಾಗಿ ಮುಗಿಸಿದ್ದಾನೆ ಎಂಬ ಆದೇಶವೊಂದು ಮೇಲಿನಿಂದ ಬರಬೇಕಿತ್ತು, ಬಂದಿರಲಿಲ್ಲ. ಅದಿಲ್ಲದೆ ಹೆಂಡತಿ ವನಜಳಿಗೆ ಕುಟುಂಬ ಪಿಂಚಣಿಯಿಲ್ಲ. ಮೇಲಿನ ಕಚೇರಿ ಕೆಳಗಿನದನ್ನು ಕೇಳುತ್ತಿತ್ತು, ಕೆಳಗಿನದು ಮೇಲಿನದಕ್ಕೆ ನೆನಪೋಲೆ ಕಳಿಸುತ್ತಿತ್ತು. ದೇವು ಕೆಲಸಕ್ಕೆ ತಕ್ಕವನೇ ಎಂದು ಸರ್ಕಾರ ಇನ್ನೂ ಯೋಚಿಸುತ್ತಲೇ ಇತ್ತು. ಅವನ ಆರೋಗ್ಯ ಕಾರ್ಡು ಮಾತ್ರ ತೀರಿಕೊಂಡ ವಾರದಲ್ಲೇ ರದ್ದಾಯಿತು. ಆ ಒಂದು ವಿಷಯದಲ್ಲಿ ಕಚೇರಿ ಚುರುಕು.

ವನಜ ಗಂಗೊಳ್ಳಿಯಿಂದ ಮೀನು ತಂದು ಮಾರುತ್ತಿದ್ದಳು. ಮಗಳು ಚಂದನಾ ನರ್ಸಿಂಗ್ ಎರಡನೇ ವರ್ಷ. ಜೂನ್ ಒಳಗೆ ಪಿಂಚಣಿ ಆಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ ಎಂದು ವನಜ ಹೇಳಿದ್ದಳು. ಅಳದೆ, ಮೀನಿನ ದರ ಹೇಳುವ ಹಾಗೆ ಹೇಳಿದ್ದಳು. ಅದೇ ಭೋಜರಾಜನನ್ನು ಚುಚ್ಚಿದ್ದು. “ಸಮಿತಿ ಬತ್ತ್, ನಾನ್ ಹೇಳ್ತೆ” ಎಂದು ಅವನು ಮಾತು ಕೊಟ್ಟಿದ್ದ.

ಆದರೆ ಪೂರ್ವಭಾವಿ ಸಭೆಯಲ್ಲಿ ಪಿಂಚಣಿಯ ಸುದ್ದಿ ಬರಲೇ ಇಲ್ಲ. ಬಯಲುಸೀಮೆಯಿಂದ ವರ್ಗವಾಗಿ ಬಂದಿದ್ದ ಕಚೇರಿಯ ಸಾಹೇಬರಿಗೆ ಕರಾವಳಿಗೆ ಬಂದವರು ಮೀನು ಕೇಳುತ್ತಾರೆ ಎಂಬುದೊಂದೇ ಚಿಂತೆ. ಅಂಜಲೋ ಕಾಣೆಯೋ ಎಂಬ ಚರ್ಚೆ ಊಟದ ಹೊತ್ತಿನವರೆಗೂ ನಡೆದು, ಕೊನೆಗೆ ಅವರು, “ಹೆಗ್ಡೆಯವರೇ, ನಿಮ್ಮ ಮನೆಯವರದ್ದೆಲ್ಲ ಮುಂಬಯಿಯಲ್ಲಿ ಹೋಟೆಲು ಅಲ್ವಾ? ಊಟದ ಜವಾಬ್ದಾರಿ ನಿಮಗೇ ಇರಲಿ” ಎಂದರು. ಚಿಕ್ಕಪ್ಪಂದಿರ ಹೋಟೆಲುಗಳಲ್ಲಿ ಒಂದು ಲೋಟವನ್ನೂ ಎತ್ತದೆ ಸರ್ಕಾರಿ ಕೆಲಸ ಹಿಡಿದವನು ಭೋಜರಾಜ. ಆದರೂ ಇಲ್ಲ ಎನ್ನಲಿಲ್ಲ. ಬಂದವರಿಗೆ ಉಣ್ಣಲಿಕ್ಕುವುದನ್ನು ಬೇಡ ಎನ್ನುವುದು ಅವನಿಗೆ ಕಲಿಸಿದ್ದರಲ್ಲಿ ಇರಲಿಲ್ಲ.

ಹೊರಗೆ ಬಂದಾಗ ನೌಕರರ ಸಂಘದ ಹುಡುಗ ಸುಜನ್ ನಕ್ಕ. “ಹ್ವಾಯ್ ಹೆಗ್ಡ್ರೇ, ನಮ್ ಕಷ್ಟ ಹೇಳುವರೂ ನೀವೇ, ಮೀನ್ ಗಸಿ ಬಡ್ಸುವರೂ ನೀವೇ. ಒಂದ್ ಕೈಯಗೆ ಮನವಿ, ಮತ್ತೊಂದ್ ಕೈಯಗೆ ಸೌಟ್.”

“ಸೌಟ್ ಹಿಡ್ದರ್ ಮಾತ್ ಕೇಂತ್ರ್ ಮಾರಾಯಾ” ಎಂದ ಭೋಜರಾಜ. ಆಗ ಅವನಿಗೆ ಅದು ನಿಜವೆಂದೇ ಅನ್ನಿಸಿತ್ತು.

ಸಮಿತಿ ಬರುವ ದಿನ, ಸಭೆ ಊಟ ಎರಡೂ ನಡೆಯಬೇಕಿದ್ದ ಪ್ರವಾಸಿ ಮಂದಿರದ ಹಿತ್ತಿಲಲ್ಲಿ ವನಜ ಬೆಳಿಗ್ಗೆಯೇ ಬಂದು ಕಾಣೆ ಮೀನು ಹಸನು ಮಾಡುತ್ತಿದ್ದಳು. ಅವಳ ಕೈಯ ಗಸಿ, ಆ ಗಟ್ಟಿ ಮೀನು ಸಾರು, ಇನ್ನೊಬ್ಬರಿಗೆ ಬರುವುದಿಲ್ಲ ಎಂದು ಅವಳನ್ನೇ ಕರೆಸಿದ್ದ. ಅವಳು ಕತ್ತಿಯಿಂದ ತಲೆ ಎತ್ತದೆ ಕೇಳಿದಳು:

“ಹೆಗ್ಡ್ರೇ, ನಾನೇ ಒಂದ್ ಮಾತ್ ಹೇಳುಕಾಗ್ದಾ ಅವ್ರಿಗೆ?”

“ನೀ ಎಂತ ಹೇಳ್ತಿ?”

“ನನ್ ಗಂಡ ಸತ್ತ್ ಹೋದ, ಪಿಂಚಣಿ ಬರ್ಲಿಲ್ಲೆ ಅಂದೇಳಿ.”

“ಹಾಂಗೆಲ್ಲ ಹೇಳುಕಿಲ್ಲೆ ಮಾರಾಯ್ತಿ. ಅದ್ಕೊಂದ್ ಕ್ರಮ ಇತ್ತ್. ಯಾವ್ ನಿಯಮ, ಯಾವ್ ಆದೇಶ, ಎಲ್ಲ ಹೇಳ್ಕ್.”

“ನಂಗ್ ಬಪ್ದ್ ಅಷ್ಟೇ.”

“ಅದ್ಕೇ ಹೇಳದ್ದ್ ನೀ ಸುಮ್ನಿರ್ ಅಂದೇಳಿ. ಮಾತಾಡುಕ್ ಹೋರೆ ಅಳು ಬತ್ತ್. ನಾನಿದ್ನಲ್ಲ.”

ವನಜ ಕತ್ತಿ ಬದಿಗಿಟ್ಟು, “ಹುಳಿ ಸಾಕಾ ಕಾಣಿ” ಎಂದು ಒಲೆಯ ಮೇಲಿದ್ದ ಪಾತ್ರೆಯಿಂದ ಸೌಟಿನಲ್ಲಿ ಗಸಿ ಎತ್ತಿ ಅವನ ಅಂಗೈಗೆ ಬಿಟ್ಟಳು. ಹುಳಿ ಸರಿಯಾಗಿತ್ತು.

ಹನ್ನೊಂದಕ್ಕೆ ಬರಬೇಕಾದ ಸಮಿತಿ ಬಂದಾಗ ಊಟದ ಹೊತ್ತೂ ಮೀರುತ್ತಿತ್ತು. ಬ್ರಹ್ಮಾವರದಲ್ಲಿ ಹಾರಗಳು ಹೆಚ್ಚಾದವಂತೆ, ಸಾಸ್ತಾನ ದಾಟಿದ ಮೇಲೆ ಎಳನೀರಿಗೆ ನಿಂತರಂತೆ. ಮುಂದೆ ಬೈಂದೂರಿನ ಸಭೆಯೂ ಬಾಕಿಯಿತ್ತು. ಅಧ್ಯಕ್ಷರು ಬೇರೆ ಜಿಲ್ಲೆಯ ಶಾಸಕರು, ದೊಡ್ಡ ದೇಹ, ಚುರುಕು ಕಣ್ಣು. ಅವರು ಗಡಿಯಾರ ನೋಡಿ, ಒಳಗೆ ಹಾಸಿದ್ದ ಬಾಳೆಲೆಗಳನ್ನು ನೋಡಿ, ತಾವೇ ಒಂದು ದಾರಿ ಕಂಡುಕೊಂಡರು.

“ಊಟ, ಅಹವಾಲು ಎರಡೂ ಒಟ್ಟಿಗೇ ಆಗಲಿ. ನಾವು ಉಣ್ತೀವಿ, ಅವರು ಹೇಳಲಿ. ಜನರ ಮಧ್ಯೆ ಕೂತು ಕೇಳಿದ ಹಾಗೂ ಆಯ್ತು.”

ಎಲ್ಲರೂ ತಲೆದೂಗಿದರು. ಭೋಜರಾಜನ ಕೈಯಲ್ಲಿ ಆಗಲೇ ಗಸಿಯ ಪಾತ್ರೆಯಿತ್ತು.

ಊಟಕ್ಕೆ ಕೂತವರ ಮುಂದೆ ಸಾವಿನ ಸುದ್ದಿ ಎತ್ತುವಂತಿಲ್ಲ. ಅದನ್ನು ಯಾರೂ ಅವನಿಗೆ ಪಾಠವೆಂದು ಹೇಳಿಕೊಟ್ಟಿರಲಿಲ್ಲ. ಅವನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪ ಮುಂಬಯಿಯಲ್ಲಿ ತೀರಿಕೊಂಡ ಸುದ್ದಿ ಪಕ್ಕದ ಮನೆಯ ಫೋನಿಗೆ ಬಂದಿತ್ತು. ಅಪ್ಪ ಆಗಷ್ಟೇ ಊಟಕ್ಕೆ ಕೂತಿದ್ದರು. ಅಮ್ಮ ಫೋನು ಕೇಳಿ ಬಂದವರು, ಏನೂ ಆಗದವರ ಹಾಗೆ ಅಪ್ಪನಿಗೆ ಇನ್ನೊಂದು ಸೌಟು ಅನ್ನ ಹಾಕಿದರು, ಮಜ್ಜಿಗೆ ಬಡಿಸಿದರು, ಉಪ್ಪು ಬೇಕಾ ಎಂದು ಕೇಳಿದರು. ಅಪ್ಪ ಎದ್ದು ಕೈ ತೊಳೆದು, ಬೈರಾಸಿನಲ್ಲಿ ಒರೆಸಿಕೊಂಡ ಮೇಲೆ ಅಮ್ಮ ಬಾಗಿಲಿಗೆ ಒರಗಿ ಒಂದೇ ಮಾತಿನಲ್ಲಿ ಹೇಳಿದರು. ಅಷ್ಟು ಹೊತ್ತು ಆ ಸಾವನ್ನು ಅಮ್ಮ ಮಜ್ಜಿಗೆಯ ಪಾತ್ರೆಯ ಜೊತೆಗೆ ಹೇಗೆ ಹಿಡಿದುಕೊಂಡಿದ್ದರು ಎಂಬುದು ಭೋಜರಾಜನಿಗೆ ಇವತ್ತಿಗೂ ಅರ್ಥವಾಗಿರಲಿಲ್ಲ. ಅರ್ಥವಾಗದೆಯೇ ಅದು ಅವನ ಮೈಗೆ ಅಂಟಿಕೊಂಡಿತ್ತು.

ಮೊದಲು ಸುಜನ್ ಎದ್ದು ನಿಂತು ಹಳೆಯ ಪಿಂಚಣಿ ಮರಳಿ ಬೇಕೆಂಬ ಮನವಿ ಓದಿದ. ಸದಸ್ಯರೊಬ್ಬರು ಕಾಣೆಯ ಮುಳ್ಳು ಬಿಡಿಸುತ್ತ ಗಂಭೀರವಾಗಿ ತಲೆಯಾಡಿಸಿದರು. ಇನ್ನೊಬ್ಬರು ಈ ಮೀನು ಸಮುದ್ರದ್ದೋ ಹೊಳೆಯದ್ದೋ ಎಂದು ವಿಚಾರಿಸಿದರು. ಮೂಲೆಯ ಮೇಜಿನಲ್ಲಿ ಸಮಿತಿಯ ಸಸ್ಯಾಹಾರಿ ಕಾರ್ಯದರ್ಶಿಗಳು ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದು ಬರೆದುಕೊಳ್ಳಲು ಬಲಗೈ ಒರೆಸಿಕೊಂಡರು.

“ಹೇಳ್ರೀ ಹೆಗ್ಡೆಯವರೇ” ಎಂದರು ಅಧ್ಯಕ್ಷರು. “ನಿಮ್ಮದೇ ಮುಖ್ಯ ಅಂತ ಸಾಹೇಬರು ಹೇಳ್ತಿದ್ರು.”

ಭೋಜರಾಜ ಅವರ ಎಲೆಯ ಮುಂದೆ ಬಗ್ಗಿ ನಿಂತಿದ್ದ. ಸಾವನ್ನು ಬಿಟ್ಟು ಬರೀ ಪಿಂಚಣಿ ಹೇಳಿದರೆ? ಕುಟುಂಬ ಪಿಂಚಣಿ ಎಂದ ಕೂಡಲೇ ಅವರು ಕೇಳುತ್ತಾರೆ: ನೌಕರನಿಗೆ ಏನಾಯಿತು? ಬಾಯಲ್ಲಿ ತುತ್ತಿರುವವರಿಗೆ, ಆ ತುತ್ತು ಬೇಯಿಸಿದವಳ ಗಂಡ ಸತ್ತ ಎನ್ನಬೇಕು. ಅವರಿಗೆ ಅದು ಏನೂ ಅನ್ನಿಸದೆ ಇರಬಹುದು. ಉಂಡುಕೊಂಡೇ ‘ಅಯ್ಯೋ ಪಾಪ’ ಎಂದಾರು. ಅದನ್ನು ನೋಡುವುದು ಇನ್ನೂ ಕಷ್ಟ.

“ಊಟ ಮಾಡಿ ಸಾರ್. ನನ್ನದು ಆಮೇಲೆ ಹೇಳ್ತೇನೆ.”

“ಆಮೇಲೆ ಎಲ್ರೀ ಟೈಮು? ಈಗಲೇ ಹೇಳಿಬಿಡಿ. ತೊಂದರೆ ಏನಾದರೂ ಇದೆಯಾ?”

ಎಲ್ಲರೂ ಅವನನ್ನೇ ನೋಡಿದರು. ಸಾಹೇಬರು ಉಸಿರು ಬಿಗಿಹಿಡಿದಿದ್ದರು. ಸುಜನ್ ಹುಬ್ಬು ಏರಿಸಿ, ಹೇಳಿ ಎಂಬಂತೆ ಗಲ್ಲ ಎತ್ತಿದ.

“ಅಂಥದ್ದೇನೂ ಇಲ್ಲ ಸಾರ್” ಎಂದ ಭೋಜರಾಜ. ಕೈ ತೊಳೆದ ಮೇಲೆ ಹೇಳಿದರಾಯಿತು, ನಲ್ಲಿಯ ಹತ್ತಿರ ನಿಂತರಾಯಿತು. “ಒಂಚೂರು ಗಸಿ ಹಾಕಲೇ?”

“ಹಾಕಿ, ಹಾಕಿ” ಎಂದರು ಅಧ್ಯಕ್ಷರು, ಮನಸಾರೆ. ಕಾರ್ಯದರ್ಶಿಗಳು ಒಂದು ಸಾಲು ಬರೆದರು.

ಊಟ ಮುಗಿಯುವಷ್ಟರಲ್ಲಿ ಭೋಜರಾಜ ಬಿಳಿಯ ಟವೆಲು ಹಿಡಿದು ನಲ್ಲಿಯ ಪಕ್ಕ ನಿಂತಿದ್ದ. ಅಮ್ಮ ಬಾಗಿಲಿಗೆ ಒರಗಿದ್ದ ಹಾಗೆಯೇ. ಮೊದಲ ವಾಕ್ಯವೂ ಈಗ ಸಿಕ್ಕಿತ್ತು, ವನಜ ಹೇಳಿದ್ದನ್ನೇ ಹೇಳುವುದು ಎಂದು ನಿಶ್ಚಯಿಸಿದ್ದ. ಅಧ್ಯಕ್ಷರು ಕೈ ತೊಳೆದು ಟವೆಲು ತೆಗೆದುಕೊಂಡರು.

“ಸಾರ್, ಒಂದು ವಿಷಯ.”

“ವಿಷಯ ನನ್ನದೂ ಒಂದಿದೆ. ಆ ಗಸಿ ಮಾಡಿದವರು ಯಾರ್ರೀ? ಕರೀರಿ ಅವರನ್ನ.”

ವನಜ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹೊಸ್ತಿಲ ಆಚೆಯೇ ನಿಂತಳು.

“ಏನಮ್ಮಾ, ಇಂಥ ಮೀನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ಯಾರಮ್ಮ ನೀವು?”

“ನಮ್ಮ ಡ್ರೈವರ್ ಮನೆಯವರು ಸಾರ್” ಎಂದು ಸಾಹೇಬರು ನಡುವೆ ಬಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ಓ, ನೌಕರರ ಕುಟುಂಬ. ನೋಡಿ, ಇಂಥವರನ್ನೇ ನಾವು ಕೇಳಬೇಕಾದ್ದು. ಹೇಳಮ್ಮ, ನಮ್ಮ ಹತ್ತಿರ ಹೇಳಿಕೊಳ್ಳುವಂಥದ್ದು ಏನಾದರೂ ಇದೆಯಾ?”

ವನಜ ಭೋಜರಾಜನ ಕಡೆ ನೋಡಿದಳು. ಅಡುಗೆಮನೆಯಲ್ಲಿದ್ದವಳಿಗೆ ಒಳಗೆ ನಡೆದ ಮಾತು ಕೇಳಿಸಿರಲಿಲ್ಲ. ಊಟ ಆಗಿದೆ, ಸಭೆ ಆಗಿದೆ, ಹೆಗ್ಡೆಯವರು ದೊಡ್ಡವರ ಪಕ್ಕದಲ್ಲೇ ನಿಂತಿದ್ದಾರೆ. ಅವಳ ಮುಖ ಸಡಿಲವಾಯಿತು.

“ನಂದ್ ಹೇಳೂದೆಲ್ಲ ಹೆಗ್ಡ್ರ್ ಹೇಳಿರಲ್ದಾ” ಎಂದಳು.

“ಹೇಳಿದರಮ್ಮ. ಹೆಗ್ಡೆಯವರು ಎಲ್ಲ ಹೇಳಿದರು. ಬರ್ಕೊಂಡಿದೀವಿ” ಎಂದರು ಅಧ್ಯಕ್ಷರು.

ವನಜ ಕೈಮುಗಿದಳು. ಎರಡು ವರ್ಷ ಯಾರ ಮುಂದೆಯೂ ಅಳದವಳ ಕಣ್ಣು ತುಂಬಿತು. ತಮ್ಮ ಒಂದು ಹೊಗಳಿಕೆಗೆ ಬಡ ಹೆಂಗಸೊಬ್ಬಳು ಇಷ್ಟು ಕರಗಿದ್ದು ಕಂಡು ಅಧ್ಯಕ್ಷರು, “ಇದೇ ನೋಡ್ರೀ ಸಂಬಂಧ ಅನ್ನೋದು” ಎಂದು ಕಾರ್ಯದರ್ಶಿಗಳಿಗೆ ಹೇಳಿದರು. ಭೋಜರಾಜ ಬಾಯಿ ತೆರೆದ. ಈಗ ಹೇಳಬೇಕಾದರೆ ಮೊದಲು, ತಾನು ಹೇಳಿಲ್ಲ ಎಂಬುದನ್ನು ಅವಳ ಎದುರೇ ಹೇಳಬೇಕಿತ್ತು. ಅವನು ಅವಳ ಮುಗಿದ ಕೈಗಳನ್ನು ನೋಡುತ್ತಿದ್ದಂತೆ ಕಾರಿನ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿದವು. ಸಮಿತಿ ಬೈಂದೂರಿನ ಕಡೆ ಹೋಯಿತು.

ಎಲೆ ಎತ್ತುವಾಗ ಸುಜನ್ ಹತ್ತಿರ ಬಂದ. “ಎಂತ ಹೆಗ್ಡ್ರೇ, ದೇವುದ್ ಎತ್ಲೇ ಇಲ್ಯಲ್ಲ?”

“ಎಲೆ ಮುಂದ್ ಕೂತರ್ ಹತ್ರ ಆ ಸುದ್ದಿ ಹೇಳುಕಾತ್ತಾ?”

ಏನೋ ಕುಟುಕಲು ಬಂದವನು ಅಲ್ಲಿಯೇ ತಡೆದ. ಅವನೂ ಇದೇ ಊರಿನವನು. “ಅದೂ ಹೌದ್ ಅನ್ನಿ” ಎಂದು ಎಲೆ ಮಡಚತೊಡಗಿದ.

ಭೋಜರಾಜ ಮರುದಿನವೇ ಸಮಿತಿಗೆ ಅರ್ಜಿ ಬರೆದು ಕಳಿಸಿದ. ನಿಯಮ, ಆದೇಶ, ಎಲ್ಲ ಇತ್ತು ಅದರಲ್ಲಿ. ಕುಂದಾಪುರದಲ್ಲಿ ಸ್ಥಳದಲ್ಲಿಯೇ ಅಹವಾಲು ಆಲಿಸಲಾಗಿರುವುದರಿಂದ ಪ್ರತ್ಯೇಕ ಅರ್ಜಿಯನ್ನು ಪರಿಗಣಿಸುವ ಅಗತ್ಯ ಕಂಡುಬರುವುದಿಲ್ಲ ಎಂದು ಉತ್ತರ ಬಂತು. ಸಮಿತಿಯ ವರದಿಯಲ್ಲಿ ಕುಂದಾಪುರಕ್ಕೆ ಒಂದು ಪ್ಯಾರಾ ಸಿಕ್ಕಿತ್ತು: ನೌಕರರೂ ಅವರ ಕುಟುಂಬದವರೂ ಖುದ್ದಾಗಿ ಹಾಜರಿದ್ದು ಸೌಲಭ್ಯಗಳ ಬಗ್ಗೆ ತೃಪ್ತಿ ವ್ಯಕ್ತಪಡಿಸಿರುತ್ತಾರೆ. ಸಾಹೇಬರು ಅದರ ಪ್ರತಿ ತೆಗೆಸಿ ಕಚೇರಿಯ ಗೋಡೆಗೆ ಹಾಕಿಸಿದರು.

ಜೂನ್ ಬಂತು. ಚಂದನಾ ಕಾಲೇಜಿಗೆ ಮರಳಲಿಲ್ಲ. ಪೇಟೆಯ ಬಟ್ಟೆಯಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸಕ್ಕೆ ಸೇರಿದಳು. ಅಂಗಡಿಯ ಮುಂದೆ ಹಾಯುವಾಗ ಭೋಜರಾಜ ರಸ್ತೆಯ ಆಚೆಬದಿಗೆ ದಾಟುತ್ತಿದ್ದ. ಆದರೆ ಮೀನು ಮಾರುಕಟ್ಟೆಯಲ್ಲಿ ದಾಟಲು ಆಚೆಬದಿ ಇರಲಿಲ್ಲ. ಅವನು ಕೊಂಡದ್ದರ ಮೇಲೆ ವನಜ ಇನ್ನೆರಡು ಬಂಗುಡೆ ಚೀಲಕ್ಕೆ ಹಾಕಿಯೇ ಬಿಡುತ್ತಿದ್ದಳು.

“ಬ್ಯಾಡ ವನಜ.”

“ತಕಣಿ ಹೆಗ್ಡ್ರೇ. ನಮ್ ಸಲುವಾಗಿ ಅಷ್ಟ್ ದೊಡ್ಡರ್ ಹತ್ರ ಮಾತಾಡದರ್ ನೀವ್. ಮಗ್ಳಿಗೂ ಅದನ್ನೇ ಹೇಳ್ತೆ, ಒಂದ್ ವರ್ಷ ತಡ ಆರೂ ಅಡ್ಡಿಲ್ಲೆ, ಅವ್ರ್ ಬರ್ಕಂಡ್ ಹೋಯ್ರ್ ಅಂದೇಳಿ. ಬತ್ತ್ ಅಲ್ದಾ?”

“ಬತ್ತ್” ಎಂದ ಭೋಜರಾಜ. ಚೀಲ ತೆಗೆದುಕೊಂಡ. ವನಜ ಮುಂದಿನ ಗಿರಾಕಿಯ ಕಡೆ ತಿರುಗಿದಳು.

ಅಂದು ಸಮಿತಿಯ ಮುಂದೆ ತಾನು ದೇವುವಿನ ಹೆಸರನ್ನೇ ಎತ್ತಲಿಲ್ಲ ಎಂಬುದನ್ನು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.