ಒಂಬತ್ತು ದಿನದ ಮಾತ್ರೆ

"ಅಂಗೈ ತೋರಿಸಿ," ಎಂದರು ಡಾಕ್ಟರು.

ಅಕ್ಕ ಎರಡೂ ಕೈ ಚಾಚಿದಳು. ಕಾದ ಪಾತ್ರೆ ಹಿಡಿದು ಬಿಟ್ಟಂತೆ ಕೆಂಪಾಗಿದ್ದವು. ಕಿವಿಯ ಹಿಂದೆ, ಕತ್ತಿನ ಸುತ್ತ ದದ್ದು. ಹಿಂದಿನ ದಿನದಿಂದ ಎಂಟು ಸಲ ಭೇದಿಯಾಗಿತ್ತು. ಪಕ್ಕದ ಸ್ಟೂಲಿನಲ್ಲಿ ಕುಳಿತ ತಮ್ಮ ಉಗುರಿನ ಸಂದಿಗೆ ಅಂಟಿದ್ದ ಪಾಲಿಶ್ ಕೆರೆಯುತ್ತಿದ್ದ.

ಅವನು ಬಡಗಿ, ಅಕ್ಕ ಶಾಲೆಯಲ್ಲಿ ಗಣಿತ ಕಲಿಸುವವಳು. ಅವಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡರು. ಹೊಂದಿಕೆಯಾದದ್ದು ಅವನ ರಕ್ತ ಮಾತ್ರ. ಹತ್ತನೇ ತರಗತಿ ದಾಟದ, ಮನೆಯಲ್ಲಿ ಯಾವುದಕ್ಕೂ ಲೆಕ್ಕಕ್ಕಿಲ್ಲದ ಆಸಾಮಿ ರಾತ್ರಿ ಬೆಳಗಾಗುವುದರೊಳಗೆ ಎಲ್ಲರಿಗೂ ಬೇಕಾದವನಾದ. ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಿ, ಹೊಸ ರಕ್ತ ಹುಟ್ಟಿಸುವ ಕಾಂಡಕೋಶ ಕೊಟ್ಟು ಬಂದ. ಅವು ಅಕ್ಕನ ಮೈಯಲ್ಲಿ ಬೇರೂರಿದ ದಿನ ಅವಳು ನಕ್ಕಿದ್ದಳು: "ಇನ್ಮೇಲೆ ನನ್ನ ಲೆಕ್ಕ ತಪ್ಪಿದ್ರೆ ನಿನ್ ತಲೆಗೇ ಕಟ್ತೀನಿ ಕಣೋ."

ಮನೆಗೆ ಕಳಿಸುವಾಗ ಡಾಕ್ಟರು ಮಾತ್ರೆಯ ಡಬ್ಬಿ ಅವನ ಕೈಗಿತ್ತು ಹೇಳಿದ್ದರು: "ನಿಮ್ಮ ಕೋಶಗಳಿಗೆ ಇವರ ಮೈ ಹೊಸದು. ಹೊರಗಿನದು ಅಂತ ದಾಳಿ ಮಾಡಬಹುದು. ಅದನ್ನ ತಡೆಯೋದು ಈ ಮಾತ್ರೆ. ಒಂದು ಹೊತ್ತೂ ತಪ್ಪಬಾರದು."

ಆ ಮಾತು ಅವನಿಗೆ ಚುಚ್ಚಿತು. ಮಾತ್ರೆಯಿಂದ ಅಕ್ಕನ ಕೈ ನಡುಗತೊಡಗಿತು. ಲೋಟ ಎತ್ತಿದರೆ ನೀರು ಮಡಿಲಿಗೆ ಚೆಲ್ಲುತ್ತಿತ್ತು. ಒಂದು ಬೆಳಿಗ್ಗೆ ಅವನೆಂದ: "ಒಡಹುಟ್ಟಿದೋನ ರಕ್ತಕ್ಕೆ ಕಾವಲು ಯಾಕಕ್ಕಾ? ನಾಲ್ಕು ದಿನ ಮಾತ್ರೆ ಬಿಟ್ಟು ನೋಡು." ಅವಳು ನಂಬಿದಳು. ನಾಲ್ಕು ದಿನ ಒಂಬತ್ತಾಯಿತು.

ಡಾಕ್ಟರು ವರದಿಯಿಂದ ತಲೆಯೆತ್ತಿದರು. "ರಕ್ತದಲ್ಲಿ ಮಾತ್ರೆಯ ಅಂಶವೇ ಇಲ್ಲ. ತಗೋತಿಲ್ವಾ?"

"ಮರೆತೆ ಡಾಕ್ಟ್ರೇ," ಎಂದಳು ಅಕ್ಕ.

"ಎಷ್ಟು ದಿನ?"

"ಒಂಬತ್ತು. ಈಚೆಗೆ ನನಗೆ ಮರೆವು."

ಡಾಕ್ಟರು ದನಿ ಏರಿಸಲಿಲ್ಲ. "ತಮ್ಮ ಇಷ್ಟೆಲ್ಲ ಮಾಡಿದಾರೆ. ಅವರ ಮುಖ ನೋಡಿಯಾದ್ರೂ ನೆನಪಿಟ್ಕೋಬೇಕಿತ್ತು ನೀವು."

ನರ್ಸ್ ಅವನತ್ತ ಕನಿಕರದಿಂದ ನೋಡಿದಳು. ಅವನು ಮತ್ತೆ ಉಗುರು ಕೆರೆಯತೊಡಗಿದ. ಅಕ್ಕನನ್ನು ಗಾಲಿಕುರ್ಚಿಯಲ್ಲಿ ವಾರ್ಡಿಗೆ ಕರೆದೊಯ್ದ ಮೇಲೂ ಅಲ್ಲೇ ಕುಳಿತಿದ್ದ.

"ಏನಾದ್ರೂ ಕೇಳೋದಿತ್ತಾ?" ಎಂದರು ಡಾಕ್ಟರು.

"ಅವಳು ಮರೆತಿಲ್ಲ. ನಾನೇ ಬಿಡಿಸಿದ್ದು."

"ಯಾಕೆ?"

"ನನ್ನದಲ್ವಾ... ಏನೂ ಮಾಡಲ್ಲ ಅಂದ್ಕೊಂಡೆ."

ಡಾಕ್ಟರು ಬರೆದಿದ್ದ ಒಂದು ಸಾಲು ಹೊಡೆದುಹಾಕಿ ಇನ್ನೊಂದು ಬರೆದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎದ್ದು ಹೋಗುವುದು ಸುಲಭವಾಗುತ್ತಿತ್ತು.

ಕೋಶಗಳ ದಾಳಿ ಅಡಗಿಸಲು ಸ್ಟೀರಾಯ್ಡ್ ಕೊಟ್ಟರು. ಭೇದಿ ಹತೋಟಿಗೆ ಬರಲು ಹನ್ನೆರಡು ದಿನ ಹಿಡಿಯಿತು. ಅಂಗೈ ಚರ್ಮ ಪದರ ಪದರವಾಗಿ ಸುಲಿಯಿತು. ಅಕ್ಕ ಆ ಮಾತು ಎತ್ತಲೇ ಇಲ್ಲ. ಮಾತ್ರೆ ಡಬ್ಬಿಯನ್ನು ಮಾತ್ರ ತನ್ನ ದಿಂಬಿನ ಪಕ್ಕ ಇಟ್ಟುಕೊಂಡಳು.

ಮನೆಗೆ ಬಂದ ವಾರಕ್ಕೆ ಚಿಕ್ಕಮ್ಮ ನೋಡಲು ಬಂದರು. ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡರು. "ಅಕ್ಕನ ಜೀವ ಉಳಿಸಿದೆ ಕಣಪ್ಪಾ. ಇಂಥ ತಮ್ಮ ಎಷ್ಟು ಜನಕ್ಕೆ ಸಿಗ್ತಾನೆ?"

ಅಕ್ಕ ಕಿಟಕಿಯ ಕಡೆ ನೋಡಿದಳು.

"ಕುರ್ಚಿ ತರ್ತೀನಿ," ಎಂದು ಅವನು ಒಳಗೆ ಹೋದ. ಕುರ್ಚಿ ಕೈಗೆ ಸಿಕ್ಕಿತು. ಅದರ ಬೆನ್ನು ಹಿಡಿದು ಗೋಡೆಗೆ ಮುಖ ಮಾಡಿ ನಿಂತ. ಚಿಕ್ಕಮ್ಮ ಎರಡು ಸಲ ಕರೆದರು.